ನೈಟ್ ಹಾಲ್ಟ್, ಮಾಜಾಳಿ

ಐದೂವರೆಗೆ ಬಸ್ಸು ಮುಟ್ಟಿತು. ಇನ್ನು ನಾಳೆ ಆರು ಹತ್ತಕ್ಕೆ.
ಡ್ರೈವರ್ ಮಕ್ತುಂಸಾಬ ಹಿಂದಿನ ಸೀಟಿನುದ್ದಕ್ಕೂ
ಲುಂಗಿ ಹೊದ್ದು ಮಲಗಿದ.
ನಾನು ಚರ್ಮದ ಚೀಲ ಬಗಲಲ್ಲಿಟ್ಟುಕೊಂಡೇ
ಗಾಳಿಮರಗಳ ಸಂದಿಯಿಂದ ಬಯಲಿಗಿಳಿದೆ.

ಬಯಲೆಂದರೆ ಅರ್ಧ ಹುಲ್ಲು, ಅರ್ಧ ಮರಳು.
ಒಂದು ಬದಿಗೆ ಬಲೆ ಒಣಹಾಕಿದ್ದಾರೆ, ಅದೇ ಗೆರೆ.
ಇನ್ನೊಂದು ಬದಿಯದನ್ನು ಇನಾಸ ಮಾಸ್ತರರು
ಸುಣ್ಣದಲ್ಲಿ ಎಳೆಯುತ್ತ ಎಳೆಯುತ್ತ
ಸುಣ್ಣ ಮುಗಿದಲ್ಲಿ ಬಿಟ್ಟಿದ್ದಾರೆ;
ಅಲ್ಲಿಂದ ಮುಂದೆ ಅವರ ಸೀಟಿಯೇ ಗೆರೆ.
ಇಷ್ಟು ಬಲೆಯಿದ್ದೂ ಗೋಲಿಗೆ ಬಲೆಯಿಲ್ಲ.
ಮೀನಿಗೆ ಬಿಟ್ಟು ಚೆಂಡಿಗೆ ಯಾರು ಕೊಡುತ್ತಾರೆ?

ನಾನು ರೋಣದ ಕಡೆಯವ. ನಮ್ಮಲ್ಲಿ ಆಟವೆಂದರೆ
ಉಸಿರು ಕಟ್ಟಿ ಎದುರಿನವನ ತೊಡೆ ಹಿಡಿಯುವುದು.
ಇಲ್ಲಿ ಇಪ್ಪತ್ತೆರಡು ಜನರಲ್ಲಿ
ಇಬ್ಬರಿಗಷ್ಟೇ ಕೈಗಳಿವೆ,
ಅವರಲ್ಲೊಬ್ಬನಿಗೆ ನಾನು ಆರು ರೂಪಾಯಿ ಕೊಡಬೇಕು.

ಸೋಮವಾರದ ಬಾಕಿ. ಟಿಕೆಟ್ಟಿನ ಬೆನ್ನಿಗೆ ಬರೆದಿದ್ದೆ,
ಅವನು ಕೇಳದೆ ಇಳಿದ. ಪ್ರಥಮೇಶ,
ಶಾಲನಬಾಯಿಯ ಮಗ.
ಅದೇ ಶಾಲನಬಾಯಿ, ಶೂನ್ಯ ಟಿಕೆಟ್ಟು ರವಿಕೆಗೆ ಸಿಕ್ಕಿಸಿ
ಮೀನುಬುಟ್ಟಿಯ ಲಗೇಜಿಗೆ ದಿನಾ ಜಗಳವಾಡುವವಳು,
'ಬುಟ್ಟಿಯೂ ಹೆಂಗಸೇ' ಎನ್ನುವವಳು.

ಇವತ್ತು ಆ ಬುಟ್ಟಿ ಬೋರಲು ಹಾಕಿ ಕೂತಿದ್ದಾಳೆ
ಗೋಲಿನ ಹಿಂದೆ, ಮಗನಿಗೆ ಬೆನ್ನು ಮಾಡಿ.
ಆಟ ನೋಡುವುದಿಲ್ಲ.
ಜನರ ಕೂಗು ಕೇಳಿಯೇ ಗೊತ್ತು ಅವಳಿಗೆ
ಚೆಂಡು ಎಲ್ಲಿದೆಯೆಂದು.

ತಲೆ ಎಣಿಸಿದೆ, ಚಾಳಿ. ನೂರಾ ಹದಿನಾಲ್ಕು, ನಾಯಿ ಎರಡು.
ಎರಡು ಟ್ರಿಪ್ಪಿನ ಜನ.
ಬೇಯಿಸಿದ ಶೇಂಗಾ ಕೊಂಡೆ, ನಮ್ಮ ಕಡೆಯದೇ ಇರಬೇಕು,
ಇಲ್ಲಿ ಬಂದು ಉಪ್ಪು ಕುಡಿದಿದೆ.
ಎರಡು ವರ್ಷದಲ್ಲಿ ನಾನು ಕಲಿತ ಕೊಂಕಣಿ ಎರಡೇ ಮಾತು:
'ಫುಡೆ ವಚಾ', 'ಭಿತರ ಸರಾ'.
ಮೊದಲನೆಯದನ್ನು ಗಟ್ಟಿಯಾಗಿ ಕೂಗಿದೆ.
ಪಕ್ಕದ ಮುದುಕ ತಲೆದೂಗಿದ,
ಆಟ ಬಲ್ಲವನೆಂದುಕೊಂಡಿರಬೇಕು.

ಅರ್ಧ ಆಟಕ್ಕೆ ಇಬ್ಬರದೂ ಶೂನ್ಯ ಟಿಕೆಟ್ಟು.
ಆಮೇಲೆ ಕೋಡಿಬಾಗದವನೊಬ್ಬ ಒದ್ದ ಚೆಂಡು
ಮರಗಳ ಮೇಲಿಂದ ಹಾರಿ ನೀರಿಗೆ ಬಿತ್ತು.
ಒಬ್ಬ ಹುಡುಗ ಪಾತಿದೋಣಿ ನೂಕಿಕೊಂಡು ಹೋದ.
ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಕಾದರು.
ಮಾಸ್ತರರು ಗಡಿಯಾರ ನೋಡಿದರು,
ಸೂರ್ಯನನ್ನು ನೋಡಿದರು, ಮತ್ತೆ ಗಡಿಯಾರ.
ಇಳಿತದ ಹೊತ್ತು. ಚೆಂಡು ದೋಣಿಗಿಂತ
ಒಂದು ಮಾರು ಮುಂದೆಯೇ ಹೋಗುತ್ತಿತ್ತು.

ಒದ್ದೆ ಚೆಂಡು ವಾಪಸು ಬಂದಾಗ
ಮುಖಗಳು ಮಸುಕು, ಅಂಗಿಯ ಬಣ್ಣ ಒಂದೇ.
ಕಡೆಯ ನಿಮಿಷ. ಯಾರ ಕಾಲು ಯಾರಿಗೋ ತಾಗಿತು.
ಸೀಟಿ. ಪೆನಾಲ್ಟಿ, ನಮ್ಮ ಗೋಲಿಗೆ.
(ನಮ್ಮ ಅಂದೆ. ಆರು ರೂಪಾಯಿಯ ಸಂಬಂಧ.)

ಬೈಕುಗಳನ್ನು ತಂದು ಎರಡೂ ಬದಿಗೆ ನಿಲ್ಲಿಸಿ
ದೀಪ ಹಾಕಿದರು.
ಪ್ರಥಮೇಶನಿಗೆ ಐದು ನೆರಳು,
ಐದೂ ತೋಳು ಚಾಚಿ ಕಾದವು.
ಎಲ್ಲರ ಬಾಯಿ ಕಟ್ಟಿತು.

ಕೂಗು ನಿಂತದ್ದಕ್ಕೇ
ಶಾಲನಬಾಯಿ ತಿರುಗಿದಳು.

ಅವನು ಹಾರಿದ್ದು ಸರಿಯಾದ ಕಡೆಗೇ.
ಬೆರಳಿಗೆ ತಾಗಿದ ಸದ್ದು ನನಗೂ ಕೇಳಿತು.
ಚೆಂಡು ಗಳದ ಆಚೆಯಿಂದಲೋ ಈಚೆಯಿಂದಲೋ
ಕತ್ತಲಿಗೆ ನುಗ್ಗಿ ಅವಳ ಮಡಿಲಲ್ಲಿ ಕೂತಿತು.

ಗಲಾಟೆಯೋ ಗಲಾಟೆ. ಒಳಗೆ ಎಂದವರು, ಹೊರಗೆ ಎಂದವರು,
ಅಂಗಿ ಹಿಡಿದವರು, ಅಂಗಿ ಬಿಡಿಸಿದವರು.
ಇನಾಸ ಮಾಸ್ತರರು ಅವಳ ಮುಂದೆ ಬಗ್ಗಿ ಕೇಳಿದರು.
ಅವಳು ಸೆರಗಿಂದ ಚೆಂಡಿನ ನೀರೊರೆಸುತ್ತ
ಮಗನ ಕಡೆ ನೋಡದೆ ಹೇಳಿದಳು:
'ಭಿತರ.'

ಆ ಮಾತು ನನಗೂ ಅರ್ಥವಾಯಿತು.

ರಾತ್ರಿ ಬಸ್ಸಿನಲ್ಲಿ ಸೊಳ್ಳೆ. ಮಕ್ತುಂಸಾಬ ಕೇಳಿದ,
ಯಾರು ಗೆದ್ದರು? ಆಚೆ ದಂಡೆಯವರು ಅಂದೆ.
ಅವನಾಗಲೇ ಗೊರಕೆ.

ಬೆಳಿಗ್ಗೆ ಆರು ಎಂಟಕ್ಕೆ ಅವಳು ಹತ್ತಿದಳು,
ಬುಟ್ಟಿಯಿಂದ ಬಂಗಡೆಯ ನೀರು ಮೆಟ್ಟಿಲಿಗೆ ತೊಟ್ಟಿಕ್ಕುತ್ತ.
ಮಗ ಎಲ್ಲಿ?
ಎದ್ದಿಲ್ಲ, ಕೈ ಊದಿದೆ.
ಆರು ರೂಪಾಯಿ ಎಣಿಸಿ ಕೊಟ್ಟೆ, ಅವನದು ಅಂದೆ.
ಎರಡು ಸಲ ಎಣಿಸಿ ರವಿಕೆಯೊಳಗಿಟ್ಟಳು.
ಶೂನ್ಯ ಟಿಕೆಟ್ಟು ಹರಿದೆ. ಲಗೇಜು, ಅಂದೆ.

'ಬುಟ್ಟಿಯೂ ಹೆಂಗಸೇ.'

ಡಬಲ್ ಬೆಲ್ ಹೊಡೆದೆ.